ನಾನು ಬರೆದಿಟ್ಟ ಲೆಕ್ಕದಲ್ಲಿ ನಾವೇ ಇರಲಿಲ್ಲ

ಮೂರು ವರ್ಷ ನಾನು ಒಂದು ಪುಸ್ತಕ ಇಟ್ಟಿದ್ದೆ. ಅಣ್ಣ ಯಾವ ದಿನ ಕುಡಿದು ಬಂದ, ಎಷ್ಟು ಹೊತ್ತಿಗೆ ಬಂದ, ಮಾತು ತೊದಲುತ್ತಿತ್ತೇ, ಊಟ ಮಾಡಿದನೇ, ಮರುದಿನ ಕೆಲಸಕ್ಕೆ ಹೋದನೇ ಎಂಬುದನ್ನೆಲ್ಲ ತಾರೀಖು ಹಾಕಿ ಅದರಲ್ಲಿ ಬರೆಯುತ್ತಿದ್ದೆ. ಎಂದಾದರೊಂದು ದಿನ ಅವನನ್ನು ವೈದ್ಯರ ಬಳಿ ಕರೆದೊಯ್ದಾಗ ಈ ದಾಖಲೆ ಉಪಯೋಗಕ್ಕೆ ಬರುತ್ತದೆ ಎಂದು ನಂಬಿದ್ದೆ. ಅವನು ಬರಲೇ ಇಲ್ಲ. ಕೊನೆಗೆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ನಾನೊಬ್ಬಳೇ ಒಬ್ಬ ಮನೋವೈದ್ಯೆಯ ಬಳಿ ಹೋದೆ. ಅವರು ನಾಲ್ಕೈದು ಪುಟ ತಿರುವಿ ನೋಡಿ, ಪುಸ್ತಕ ಮುಚ್ಚಿ, "ಇದರಲ್ಲಿ ನಿಮ್ಮ ಬಗ್ಗೆ ಏನೂ ಇಲ್ಲವಲ್ಲ. ನಿಮಗೆ ನಿದ್ದೆ ಬರುತ್ತಿದೆಯೇ?" ಎಂದು ಕೇಳಿದರು. ಬಾಗಿಲಿನ ಚಿಲಕ ಸದ್ದಾಗುವವರೆಗೆ ಕಣ್ಣು ಮುಚ್ಚದೆ ಮಲಗಿರುವುದೇ ನನ್ನ ನಿದ್ದೆಯಾಗಿ ಎಷ್ಟು ಕಾಲವಾಯಿತು ಎಂಬುದು ಆಗ ಮೊದಲ ಬಾರಿ ನನ್ನ ಗಮನಕ್ಕೆ ಬಂತು. ಉತ್ತರ ಹೇಳುವ ಬದಲು ಅತ್ತುಬಿಟ್ಟೆ.

ಮನೆಯಲ್ಲಿ ಒಬ್ಬರು ಅತಿಯಾಗಿ ಕುಡಿಯುವಾಗ ಉಳಿದವರು ಹುಡುಕುವ ಸಹಾಯವೆಲ್ಲ ಸಾಮಾನ್ಯವಾಗಿ ಕುಡಿಯುವವರ ಸಲುವಾಗಿಯೇ ಇರುತ್ತದೆ. ನಾನೂ ಹಾಗೆಯೇ ಹುಡುಕಿದೆ. ಅವನಿಗೆ ಯಾವ ಆಸ್ಪತ್ರೆ, ಅವನಿಗೆ ಯಾವ ಔಷಧಿ, ಅವನಿಗೆ ಬುದ್ಧಿ ಹೇಳಬಲ್ಲವರು ಯಾರು ಎಂದು ಕೇಳುತ್ತ ತಿರುಗಿದೆನೇ ಹೊರತು, ಅತ್ತಿಗೆಗೆ, ಅವರ ಒಂಬತ್ತು ವರ್ಷದ ಮಗಳಿಗೆ, ಅಮ್ಮನಿಗೆ, ನನಗೆ ಏನು ಬೇಕು ಎಂದು ಯಾರನ್ನೂ ಕೇಳಲಿಲ್ಲ. ಅವನು ಬಿಟ್ಟರೆ ನಾವೆಲ್ಲ ತಾನಾಗಿಯೇ ಸರಿಹೋಗುತ್ತೇವೆ ಎಂಬುದು ನನ್ನ ಎಣಿಕೆಯಾಗಿತ್ತು. ಅವನು ಬಿಡುವುದಕ್ಕೆ ಮೊದಲೇ ನಮಗೆ ಸಹಾಯ ಸಿಗಬಹುದು, ಸಿಗಬೇಕು, ಅವನು ಎಂದೂ ಬಿಡದಿದ್ದರೂ ಅದು ವ್ಯರ್ಥವಲ್ಲ ಎಂದು ತಿಳಿಯಲು ನನಗೆ ಅಷ್ಟು ವರ್ಷ ಹಿಡಿಯಿತು. ಇಂದು ಅದೇ ಕತ್ತಲಲ್ಲಿ ಕುಳಿತಿರುವ ಯಾರಿಗಾದರೂ ಆ ವರ್ಷಗಳಲ್ಲಿ ಕೆಲವಾದರೂ ಉಳಿಯಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಮೂವರೂ ಮೂರು ರೀತಿಯಲ್ಲಿ ಅವನ ಕುಡಿತವನ್ನು ಹೊತ್ತುಕೊಂಡಿದ್ದೆವು. ಅವನು ಎದ್ದೇಳಲಾಗದ ಬೆಳಗುಗಳಲ್ಲಿ ಅತ್ತಿಗೆ ಅವನ ಕಚೇರಿಗೆ ಫೋನ್ ಮಾಡಿ ಜ್ವರ ಎನ್ನುತ್ತಿದ್ದರು. ಅವನು ಅಲ್ಲಲ್ಲಿ ಮಾಡಿದ ಕೈಸಾಲವನ್ನು ನಾನು ಸದ್ದಿಲ್ಲದೆ ತೀರಿಸುತ್ತಿದ್ದೆ. ಅಮ್ಮ "ನನ್ನ ಮಗ ಅಂಥವನಲ್ಲ, ಕೆಲಸದ ಒತ್ತಡ" ಎನ್ನುತ್ತ ರಾತ್ರಿ ಎಷ್ಟು ಹೊತ್ತಾದರೂ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು. ಇವುಗಳಲ್ಲಿ ಒಂದೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಆದರೆ ಕುಡಿತದಿಂದ ಅವನಿಗೆ ಆಗಬೇಕಾದ ನಷ್ಟವನ್ನೆಲ್ಲ ನಾವೇ ನಡುವೆ ನಿಂತು ತಡೆದುಕೊಂಡಿದ್ದರಿಂದ, ಕುಡಿತಕ್ಕೆ ಬೆಲೆಯಿದೆ ಎಂಬುದೇ ಅವನ ಅನುಭವಕ್ಕೆ ಬರಲಿಲ್ಲ. ಇದನ್ನು ಹೇಳುವಾಗ ಒಂದು ಎಚ್ಚರವೂ ಬೇಕು: ಮನೆಯವರೇ ಕುಡಿತಕ್ಕೆ ಕಾರಣ ಎಂದು ಇದರ ಅರ್ಥವಲ್ಲ. ಹಾಗೆ ಹೇಳುವವರು ಹೆಂಡತಿಯರ ಮೇಲೆ, ತಾಯಂದಿರ ಮೇಲೆ ಮಾಡಿರುವ ಅನ್ಯಾಯವನ್ನು ನಾನು ಸಾಕಷ್ಟು ನೋಡಿದ್ದೇನೆ.

ಇದೆಲ್ಲಕ್ಕಿಂತ ಹೆಚ್ಚು ಸುಸ್ತು ಮಾಡಿದ್ದು ಗುಟ್ಟು. ಮನೆಗೆ ಯಾರನ್ನೂ ಕರೆಯುತ್ತಿರಲಿಲ್ಲ. ಬಂದವರನ್ನು ಸಂಜೆಯಾಗುವ ಮೊದಲೇ ಸಾಗಹಾಕುತ್ತಿದ್ದೆವು. ಮನೆಯ ಮಾತು ಹೊರಗೆ ಹೋಗಬಾರದು ಎಂದು ಮಗುವಿಗೂ ಹೇಳಿಕೊಟ್ಟಿದ್ದೆವು. ಅವಳು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಶಾಲೆಯಲ್ಲಿ ಗೆಳತಿಯರೊಂದಿಗೂ ಮಾತು ಕಡಿಮೆಯಾಗಿದೆ ಎಂದು ಅವಳ ಶಿಕ್ಷಕಿ ಹೇಳುವವರೆಗೆ ನಮಗೆ ಗೊತ್ತೇ ಆಗಲಿಲ್ಲ.

"ಅವನೇನು ಅಷ್ಟೊಂದು ಕುಡಿಯುತ್ತಾನೆಯೇ?" ಎಂಬ ಪ್ರಶ್ನೆಯ ಮೇಲೆ ನಮ್ಮಲ್ಲಿ ನಡೆದ ಜಗಳಕ್ಕೆ ಲೆಕ್ಕವಿಲ್ಲ. ಬಂಧುಗಳು ಕೇಳಿದಾಗ ನಾನು ಪುಸ್ತಕ ತೆರೆಯುತ್ತಿದ್ದೆ, ಅಮ್ಮ ಅದನ್ನು ಕಿತ್ತುಕೊಳ್ಳುತ್ತಿದ್ದಳು. ವೈದ್ಯರಲ್ಲಿ ಇದಕ್ಕೊಂದು ಅಳತೆಯಿದೆ ಎಂದು ಆಮೇಲೆ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಆಡಿಟ್' ಎಂಬ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ. ಎಷ್ಟು, ಎಷ್ಟು ಸಲ ಎಂಬುದರ ಜೊತೆಗೆ, ಶುರುಮಾಡಿದ ಮೇಲೆ ನಿಲ್ಲಿಸಲಾಗದೆ ಹೋದದ್ದುಂಟೇ, ಬೆಳಿಗ್ಗೆ ಕುಡಿಯದೆ ಕೆಲಸ ಸಾಗದ ದಿನಗಳುಂಟೇ, ಹಿಂದಿನ ರಾತ್ರಿ ನಡೆದದ್ದು ನೆನಪಿಲ್ಲದಿರುವುದುಂಟೇ, ಹತ್ತಿರದವರು ಕಡಿಮೆ ಮಾಡೆಂದು ಹೇಳಿದ್ದುಂಟೇ ಎಂದೆಲ್ಲ ಅದು ಕೇಳುತ್ತದೆ. ಒಟ್ಟು 40 ಅಂಕಗಳಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಅಪಾಯದ ಮಟ್ಟ ಮುಟ್ಟಿದೆಯೆಂದೂ, 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವಲಂಬನೆ ಇದೆಯೇ ಎಂದು ತಜ್ಞರು ವಿವರವಾಗಿ ಪರೀಕ್ಷಿಸಬೇಕೆಂದೂ ತಿಳಿಯುತ್ತಾರೆ. ಉತ್ತರಿಸಬೇಕಾದವರು ಕುಡಿಯುವವರೇ. ಎಷ್ಟೋ ತಿಂಗಳ ನಂತರ ಅಣ್ಣ ತಾನೇ ಉತ್ತರಿಸಿದಾಗ 27 ಬಂತು, ಅಮ್ಮ ಆ ಕಾಗದವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕುಳಿತಿದ್ದಳು.

ಈಗ ಹೇಳಲಿರುವುದನ್ನು ದಯವಿಟ್ಟು ಅವಸರದಲ್ಲಿ ಓದಬೇಡಿ. ಎರಡು ವರ್ಷದ ಹಿಂದೆ, ತಾಳ್ಮೆಗೆಟ್ಟ ನಾವು ಅಣ್ಣನನ್ನು ಮನೆಯಲ್ಲೇ ಕೂರಿಸಿ ಕುಡಿತ ನಿಲ್ಲಿಸಲು ನಿರ್ಧರಿಸಿದೆವು. ಅವನೂ ಒಪ್ಪಿದ. ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದೆವು. ಮೊದಲ ದಿನ ಸಂಜೆಯ ಹೊತ್ತಿಗೆ ಕೈ ನಡುಗತೊಡಗಿತು, ಅಂಗಿ ಬೆವರಿನಲ್ಲಿ ತೊಯ್ದುಹೋಯಿತು, ಎದೆ ಡವಗುಟ್ಟುತ್ತಿದೆ ಎಂದ. "ಎರಡು ದಿನ ತಡೆದುಕೋ, ಸರಿಹೋಗುತ್ತದೆ" ಎಂದು ಧೈರ್ಯ ಹೇಳಿದೆವು. ಮೂರನೆಯ ರಾತ್ರಿ ಅವನು ಗೋಡೆಯ ಮೇಲೆ ಹುಳ ಹರಿದಾಡುತ್ತಿವೆ ಎಂದು ಕೂಗತೊಡಗಿದ. ನನ್ನನ್ನು ಗುರುತಿಸಲಿಲ್ಲ, ಮಗಳನ್ನೂ ಗುರುತಿಸಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿನ ವೈದ್ಯರು, ಇನ್ನೂ ತಡಮಾಡಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು.

ಅವರು ವಿವರಿಸಿದ್ದು ಹೀಗೆ. ಮದ್ಯ ಮಿದುಳಿನ ಚಟುವಟಿಕೆಯನ್ನು ಮಂದಗೊಳಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದವರ ಮಿದುಳು ಆ ಒತ್ತಡದ ವಿರುದ್ಧ ಸದಾ ಹುರಿಗೊಂಡೇ ಇರಲು ಕಲಿತಿರುತ್ತದೆ. ಇದ್ದಕ್ಕಿದ್ದಂತೆ ಮದ್ಯವನ್ನು ತೆಗೆದುಬಿಟ್ಟರೆ ಆ ಹುರಿ ಹಿಡಿತ ತಪ್ಪಿ ಸಿಡಿಯುತ್ತದೆ. ಕೊನೆಯ ಬಾರಿ ಕುಡಿದ 6 ರಿಂದ 24 ಗಂಟೆಗಳಲ್ಲಿ ನಡುಕ, ಬೆವರು, ವಾಂತಿ, ತಳಮಳ ಕಾಣಿಸುತ್ತವೆ. ಕೆಲವರಿಗೆ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದಂತಾಗಿ ಇಲ್ಲದ್ದು ಕಾಣುತ್ತದೆ, ಜ್ವರ ಬರುತ್ತದೆ, ಹೊತ್ತುಗೊತ್ತಿನ ಅರಿವು ತಪ್ಪುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಸಾವೂ ಬರಬಹುದು. ಬಹುಕಾಲ ಕುಡಿದವರ ದೇಹದಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ಬರಿದಾಗಿರುತ್ತದೆ, ಅದನ್ನು ಸಕಾಲದಲ್ಲಿ ಚುಚ್ಚುಮದ್ದಾಗಿ ಕೊಡದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದುವ ಸಂಭವವಿದೆ. ಆದ್ದರಿಂದ ದಿನವೂ ಹೆಚ್ಚು ಕುಡಿಯುವವರು, ಅದರಲ್ಲೂ ಬೆಳಿಗ್ಗೆ ಕುಡಿಯದೆ ಕೈ ನಡುಗುವವರು, ಒಮ್ಮೆಲೇ ನಿಲ್ಲಿಸುವ ಮೊದಲು ವೈದ್ಯರನ್ನು ಕಾಣಲೇಬೇಕು. ಪ್ರೀತಿಯಿಂದಲೇ ಆದರೂ ಮನೆಯ ಬಾಗಿಲು ಹಾಕಿ ಈ ಕೆಲಸ ಮಾಡಬೇಡಿ.

ಇನ್ನೊಂದು ಅಪಾಯದ ಸಲಹೆ ನಮಗೆ ಬಂದದ್ದು ಹತ್ತಿರದ ಬಂಧುವೊಬ್ಬರಿಂದ. ಊಟದಲ್ಲಿ ಗೊತ್ತಾಗದಂತೆ ಒಂದು ಮಾತ್ರೆ ಬೆರೆಸಿಕೊಟ್ಟರೆ ಕುಡಿದಾಗ ವಾಂತಿಯಾಗಿ ತಾನಾಗಿಯೇ ಬಿಡುತ್ತಾನೆ ಎಂದರು. ಅತ್ತಿಗೆ ಎಷ್ಟು ಸೋತಿದ್ದರೆಂದರೆ ಮಾತ್ರೆ ತರಿಸಿಯೂ ಇಟ್ಟಿದ್ದರು. ಅದು ಡೈಸಲ್ಫಿರಾಮ್. ಮದ್ಯ ದೇಹದಲ್ಲಿ ಕರಗುವಾಗ ನಡುವೆ ಉಂಟಾಗುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಮುಂದೆ ಒಡೆಯದಂತೆ ಈ ಔಷಧಿ ತಡೆಯುತ್ತದೆ. ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆಬಡಿತ ಏರಿ, ರಕ್ತದೊತ್ತಡ ಕುಸಿಯಬಹುದು, ಹೃದಯದ ತೊಂದರೆ ಇರುವವರ ಪ್ರಾಣಕ್ಕೂ ಕುತ್ತು ಬರಬಹುದು. ರೋಗಿಗೆ ಎಲ್ಲವನ್ನೂ ತಿಳಿಸಿ, ಅವರ ಒಪ್ಪಿಗೆ ಪಡೆದು, ತಪಾಸಣೆ ಮಾಡಿ ವೈದ್ಯರು ಕೊಡಬೇಕಾದ ಔಷಧಿ ಇದು. ಕುಡಿಯುವ ತುಡಿತ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಬೇರೆ ಔಷಧಿಗಳೂ ಇವೆ. ಯಾವುದು ಯಾರಿಗೆ ಎಂಬುದು ವೈದ್ಯರು ಯಕೃತ್ತು, ಮೂತ್ರಪಿಂಡಗಳ ಸ್ಥಿತಿ ನೋಡಿ ತೀರ್ಮಾನಿಸುವ ವಿಷಯ. ಕದ್ದು ಕೊಡುವುದರಿಂದ ಆಗುವ ಇನ್ನೊಂದು ಹಾನಿಯೂ ಇದೆ. ಗೊತ್ತಾದ ದಿನ, ಮನೆಯವರ ಕೈಯ ಊಟವನ್ನೇ ಅವರು ನಂಬುವುದಿಲ್ಲ.

ನನ್ನ ನಿದ್ದೆಯ ಬಗ್ಗೆ ಕೇಳಿದ ಆ ವೈದ್ಯೆಯೇ ನನ್ನನ್ನು ಅಲ್-ಅನಾನ್ ಸಭೆಗೆ ಕಳುಹಿಸಿದರು. ಕುಡಿತ ಬಿಡಲು ಬಯಸುವವರ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್ ಅವರಿಂದ ಹುಟ್ಟಿತು ಎಂಬುದು ಹಲವರಿಗೆ ಗೊತ್ತಿದೆ. ಆ ಸಭೆಗಳಿಗೆ ಗಂಡಂದಿರ ಜೊತೆ ಬರುತ್ತಿದ್ದ ಹೆಂಡತಿಯರು ತಮ್ಮತಮ್ಮಲ್ಲೇ ಮಾತಿಗೆ ಕೂರುತ್ತಿದ್ದರು. ಕುಡಿತ ಬಿಟ್ಟ ಗಂಡನ ಜೊತೆಯೂ ತನ್ನ ಸಿಟ್ಟು ಇಳಿಯಲಿಲ್ಲ, ತನಗೂ ಚೇತರಿಕೆ ಬೇಕಾಗಿದೆ ಎಂದು ಕಂಡುಕೊಂಡ ಬಿಲ್ ಅವರ ಪತ್ನಿ ಲೋಯಿಸ್ ವಿಲ್ಸನ್, ಗೆಳತಿಯೊಬ್ಬರ ಜೊತೆಗೂಡಿ 1951ರಲ್ಲಿ ಇಂಥ ಕುಟುಂಬದವರ ಗುಂಪುಗಳನ್ನೆಲ್ಲ ಒಂದುಗೂಡಿಸಿದರು. ಅದೇ ಅಲ್-ಅನಾನ್. ಸೇರಲು ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಾಗಿಲ್ಲ, ಮನೆಯ ಕುಡುಕರನ್ನು ಕರೆತರಬೇಕಾಗಿಲ್ಲ, ಅವರು ಬಿಟ್ಟಿರಬೇಕೆಂಬ ನಿಯಮವೂ ಇಲ್ಲ.

ಮೊದಲ ದಿನ ನಾನು ಹೋಗಿದ್ದು ಅಣ್ಣನಿಗೆ ಏನು ಮಾಡಬೇಕೆಂದು ಕೇಳಲು. ಯಾರೂ ಸಲಹೆ ಕೊಡಲಿಲ್ಲ, ಅದು ನನಗೆ ಬಹಳ ಬೇಸರ ತರಿಸಿತು. ಒಬ್ಬೊಬ್ಬರಾಗಿ ತಮ್ಮ ವಾರ ಹೇಗೆ ಕಳೆಯಿತೆಂದು ಹೇಳಿದರು, ಉಳಿದವರು ನಡುವೆ ಬಾಯಿ ಹಾಕದೆ ಕೇಳಿದರು. ನನ್ನ ತಾಯಿಯ ವಯಸ್ಸಿನ ಒಬ್ಬರು, ಮಗ ಚಪ್ಪಲಿ ಬಿಡುವ ಸದ್ದಿನಲ್ಲೇ ಅವನು ಎಷ್ಟು ಕುಡಿದಿದ್ದಾನೆಂದು ತಮಗೆ ತಿಳಿಯುತ್ತದೆ ಎಂದರು. ಆ ಸದ್ದು ನನಗೆ ಮಾತ್ರ ಗೊತ್ತೆಂದು ನಾನು ತಿಳಿದಿದ್ದೆ. ಮನೆಗೆ ಬಂದು ಆ ರಾತ್ರಿ ಮಲಗಿದೆ, ಚಿಲಕದ ಸದ್ದು ಕೇಳಿಸಲಿಲ್ಲ.

ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಮೂರು. ಈ ಕಾಯಿಲೆ ನನ್ನಿಂದ ಬಂದದ್ದಲ್ಲ, ನನ್ನ ಹಿಡಿತದಲ್ಲಿಲ್ಲ, ನಾನು ಗುಣಪಡಿಸಲಾರೆ. ಮೊದಲನೆಯದು ನನ್ನ ಹೆಗಲಿನಿಂದ ದೊಡ್ಡ ಭಾರ ಇಳಿಸಿತು. ಎರಡನೆಯ ಮತ್ತು ಮೂರನೆಯ ಮಾತುಗಳನ್ನು ಮಾತ್ರ ನಾನು ತಪ್ಪಾಗಿ ತಿಳಿದೆ. ಇನ್ನು ಮಾಡುವುದೇನೂ ಇಲ್ಲ, ದೂರ ನಿಂತು ನೋಡುತ್ತಿರಬೇಕು ಎಂದುಕೊಂಡು ಕೆಲವು ತಿಂಗಳು ಅಣ್ಣನ ಜೊತೆ ಮಾತನ್ನೇ ಬಿಟ್ಟೆ. ಆ ಮೌನ ಶಾಂತಿಯದ್ದಾಗಿರಲಿಲ್ಲ, ಶಿಕ್ಷೆಯದ್ದಾಗಿತ್ತು ಎಂದು ಈಗ ಅನಿಸುತ್ತದೆ.

ಅದನ್ನು ತಿದ್ದಿದವರು ನಾನು ಆಮೇಲೆ ಕಂಡ ಆಪ್ತಸಮಾಲೋಚಕಿ. ಅವರು ಅನುಸರಿಸುತ್ತಿದ್ದದ್ದು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಮೇಯರ್ಸ್ ರೂಪಿಸಿದ 'ಕ್ರಾಫ್ಟ್' ಎಂಬ ವಿಧಾನ. ಚಿಕಿತ್ಸೆ ಒಲ್ಲದವರ ಮನೆಯವರಿಗೆ ಇದು ತರಬೇತಿ ಕೊಡುತ್ತದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ 130 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದಾಗ, ಕ್ರಾಫ್ಟ್ ಕಲಿತವರ ಮನೆಗಳಲ್ಲಿ ಕುಡಿಯುವವರು ಚಿಕಿತ್ಸೆಗೆ ಬಂದ ಪ್ರಮಾಣ ಶೇ. 64, ಎಲ್ಲರೂ ಸೇರಿ ಎದುರಿಗೆ ಕೂರಿಸಿ ಒತ್ತಾಯಿಸುವ ಕ್ರಮದಲ್ಲಿ ಶೇ. 30, ಅಲ್-ಅನಾನ್ ಕಡೆಗೆ ಒಯ್ಯುವ ಕ್ರಮದಲ್ಲಿ ಶೇ. 13 ಇತ್ತು. ಈ ಅಂಕಿಗಳನ್ನು ತೋರಿಸಿ ಅಲ್-ಅನಾನ್ ಅನ್ನು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕುಡಿಯುವವರನ್ನು ಚಿಕಿತ್ಸೆಗೆ ತರುವುದು ಅದರ ಉದ್ದೇಶವೇ ಅಲ್ಲ, ಮತ್ತು ಅದೇ ಅಧ್ಯಯನದಲ್ಲಿ ಮೂರೂ ಗುಂಪುಗಳ ಮನೆಯವರ ಮನಸ್ಸಿನ ಸ್ಥಿತಿ ಸುಧಾರಿಸಿತ್ತು. ನನಗೆ ಎರಡೂ ಬೇಕಾದವು. ಒಂದು ಕಡೆ ನನ್ನ ದುಃಖವನ್ನು ಇಳಿಸಿದೆ, ಇನ್ನೊಂದು ಕಡೆ ಮಾತಾಡುವುದನ್ನು ಕಲಿತೆ.

ಕಲಿತದ್ದು ನೋಡಲು ಸಣ್ಣ ವಿಷಯಗಳು. ಕುಡಿದು ಬಂದ ರಾತ್ರಿ ವಾದ ಮಾಡಬಾರದು, ಮಾತು ಏನಿದ್ದರೂ ಮರುದಿನ ಅಮಲು ಇಳಿದು ಊಟವಾದ ಮೇಲೆ. ಹಿಂದೆ "ನಿನಗೆ ಮಗಳ ಮೇಲೆ ಪ್ರೀತಿಯೇ ಇಲ್ಲ" ಎನ್ನುತ್ತಿದ್ದವಳು, "ನಿನ್ನೆ ಅವಳು ನಿನಗಾಗಿ ಹತ್ತು ಗಂಟೆಯವರೆಗೆ ಕಾದಳು, ನೋಡಿ ನನಗೆ ತುಂಬ ಸಂಕಟವಾಯಿತು" ಎಂದು ಹೇಳಲು ಕಲಿತೆ. ಅವನು ಕುಡಿಯದ ಸಂಜೆ ಜೊತೆಯಲ್ಲಿ ಕೂರುವುದು, ನಗುವುದು, ಕುಡಿದ ಸಂಜೆ ಸಿಟ್ಟಿಲ್ಲದೆ ಎದ್ದು ಬೇರೆ ಕೋಣೆಗೆ ಹೋಗುವುದು. ಅತ್ತಿಗೆ ಕಚೇರಿಗೆ ಫೋನ್ ಮಾಡುವುದನ್ನು ನಿಲ್ಲಿಸಿದರು, ನಾನು ಸಾಲ ತೀರಿಸುವುದನ್ನು ನಿಲ್ಲಿಸಿದೆ. ಎರಡನ್ನೂ ಅವನಿಗೆ ಮೊದಲೇ, ಶಾಂತವಾಗಿ ಹೇಳಿಯೇ ಮಾಡಿದೆವು. ಅಮ್ಮನನ್ನು ಒಪ್ಪಿಸಲು ಆರು ತಿಂಗಳು ಬೇಕಾಯಿತು. ಇದರ ಜೊತೆಗೆ ಇನ್ನೊಂದು ಸಿದ್ಧತೆ ಇತ್ತು: ಅವನು ಯಾವ ಕ್ಷಣದಲ್ಲಿ "ಬಿಡಬೇಕು" ಎಂದರೂ ಮರುದಿನವೇ ಕರೆದೊಯ್ಯಬಹುದಾದ ವೈದ್ಯರನ್ನು ಗೊತ್ತುಮಾಡಿಟ್ಟಿದ್ದೆವು. ಆ ಮನಸ್ಸು ಬಂದಷ್ಟೇ ಬೇಗ ಹೋಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಅವನು ಆ ಮಾತು ಆಡಿದ, ಸೋಮವಾರ ಹತ್ತು ಗಂಟೆಗೆ ನಾವು ಆಸ್ಪತ್ರೆಯಲ್ಲಿದ್ದೆವು.

ಈ ವಿಧಾನ ಎಲ್ಲ ಮನೆಗೂ ಹೊಂದುವುದಿಲ್ಲ. ಕುಡಿದಾಗ ಹೊಡೆಯುವವರ ಮನೆಯಲ್ಲಿ ಮಾತಿನ ಕಲೆಗಿಂತ ಮೊದಲು ಬರಬೇಕಾದದ್ದು ಸುರಕ್ಷತೆ. ಮುಖ್ಯ ಕಾಗದಪತ್ರಗಳು, ಸ್ವಲ್ಪ ಹಣ, ಮಕ್ಕಳ ಬಟ್ಟೆ ಒಂದೆಡೆ ಇರಲಿ, ರಾತ್ರಿ ಎಷ್ಟು ಹೊತ್ತಿಗೂ ಬಾಗಿಲು ತೆರೆಯುವ ಒಂದು ಮನೆ ಗೊತ್ತಿರಲಿ. ಕುಡಿದವರು ಓಡಿಸುವ ವಾಹನದಲ್ಲಿ ಮಕ್ಕಳನ್ನು ಕೂರಿಸಲೇಬೇಡಿ, ಅದರಿಂದ ಎಂಥ ಜಗಳವಾದರೂ ಸರಿ. ಬಿಟ್ಟು ಬರುವವರನ್ನು ಪ್ರೀತಿಯಿಲ್ಲದವರೆಂದು ಯಾರೂ ಹೇಳಬಾರದು.

ಮಗುವಿನ ವಿಷಯದಲ್ಲಿ ನಾವು ತೀರ ತಡಮಾಡಿದೆವು. ಹದಿಹರೆಯದವರಿಗಾಗಿ 1957ರಿಂದಲೂ ಅಲಟೀನ್ ಎಂಬ ಗುಂಪುಗಳಿವೆ, ಆದರೆ ಅವಳು ಅದಕ್ಕೆ ಚಿಕ್ಕವಳು. ಹಾಗಾಗಿ ಹೇಳಬೇಕಾದದ್ದನ್ನು ಸಮಾಲೋಚಕಿ ಕಲಿಸಿದಂತೆ ನಾನು, ಅತ್ತಿಗೆ ಇಬ್ಬರೂ ಕೂರಿಸಿಕೊಂಡು ಹೇಳಿದೆವು: ಅಪ್ಪನಿಗೆ ಕುಡಿತದ ಕಾಯಿಲೆ ಇದೆ, ಅದು ನಿನ್ನಿಂದ ಬಂದದ್ದಲ್ಲ, ನೀನು ಇದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬಹುದು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅತ್ತೆ, ನಾನು ಗಣಿತದಲ್ಲಿ ಕಡಿಮೆ ಅಂಕ ತೆಗೆದಾಗಿನಿಂದ ಅಲ್ಲವೇ ಶುರುವಾದದ್ದು?" ಎಂದು ಕೇಳಿದಳು. ಎರಡು ವರ್ಷ ಆ ಪ್ರಶ್ನೆಯನ್ನು ಅವಳು ಒಬ್ಬಳೇ ಇಟ್ಟುಕೊಂಡಿದ್ದಳು. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಈ ಮಾತನ್ನು ಇಂದೇ ಹೇಳಿ, ಕುಡಿಯುವವರು ಬಿಡಲಿ ಎಂದು ಕಾಯಬೇಡಿ.

ಗುಂಪು ಒಗ್ಗದಿದ್ದವರಿಗೆ ಒಂದು ಮಾತು. ನಾನು ಹೋದ ಮೊದಲ ಗುಂಪು ನನಗೆ ಹೊಂದಲಿಲ್ಲ, ದೇವರ ಮಾತು ನನಗೆ ಹೆಚ್ಚೆನಿಸಿತು, ಎರಡನೆಯದರಲ್ಲಿ ನಿಂತೆ. ಅತ್ತಿಗೆ ಯಾವ ಗುಂಪಿಗೂ ಬರಲಿಲ್ಲ. ಅವರು ಒಬ್ಬ ಹಳೆಯ ಗೆಳತಿಗೆ ಎಲ್ಲವನ್ನೂ ಹೇಳಿಕೊಂಡರು, ವಾರಕ್ಕೊಮ್ಮೆ ಅವರ ಜೊತೆ ನಡೆದುಬರುತ್ತಾರೆ, ಅವರಿಗೆ ಅಷ್ಟು ಸಾಕಾಗಿದೆ. ಹೊರಗೆ ಹೋಗಲಾಗದವರಿಗೆ ಫೋನಿನಲ್ಲಿ, ಆನ್‌ಲೈನಿನಲ್ಲಿ ನಡೆಯುವ ಸಭೆಗಳೂ ಇವೆ. ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ ಮೊದಲು ಹೋಗಿ ನೋಡಿ: ವೈದ್ಯರು ನಿಜವಾಗಿ ಇರುತ್ತಾರೆಯೇ, ಮನೆಯವರು ಭೇಟಿಯಾಗಲು ಬಿಡುತ್ತಾರೆಯೇ, ಹೊರಗೆ ಬಂದ ಮೇಲಿನ ತಿಂಗಳುಗಳ ಬಗ್ಗೆ ಏನು ಹೇಳುತ್ತಾರೆ. ಇಷ್ಟೇ ದಿನಗಳಲ್ಲಿ ನೂರಕ್ಕೆ ನೂರು ಬಿಡಿಸುತ್ತೇವೆಂದು ನಮಗೆ ಮಾತು ಕೊಟ್ಟ ಒಂದು ಕೇಂದ್ರದಲ್ಲಿ ಒಳಗಿದ್ದವರನ್ನು ಹೊಡೆಯುತ್ತಿದ್ದರು. ಅಲ್ಲಿಂದ ಅಣ್ಣನನ್ನು ಒಂಬತ್ತನೆಯ ದಿನ ವಾಪಸ್ ಕರೆತಂದೆವು, ಆ ಒಂಬತ್ತು ದಿನಗಳಿಗಾಗಿ ನಾನು ಅವನ ಕ್ಷಮೆ ಕೇಳಿದ್ದೇನೆ.

ಚಿಕಿತ್ಸೆಯ ಏಳನೆಯ ತಿಂಗಳಲ್ಲಿ ಅಣ್ಣ ಮತ್ತೆ ಕುಡಿದ. ಮರಳಿ ಬೀಳುವುದು ಈ ಕಾಯಿಲೆಯಲ್ಲಿ ಸಾಮಾನ್ಯ ಎಂದು ವೈದ್ಯರು ಮೊದಲೇ ಹೇಳಿದ್ದರೂ, ಚಪ್ಪಲಿಯ ಸದ್ದು ಕೇಳಿದಾಗ ನನ್ನ ಕೈಕಾಲು ತಣ್ಣಗಾದವು. ಆ ರಾತ್ರಿ ಯಾರೂ ಕೂಗಲಿಲ್ಲ. ಅಮ್ಮ ಹೊತ್ತಿಗೆ ಸರಿಯಾಗಿ ಊಟ ಮುಗಿಸಿ ಮಲಗಿದ್ದಳು. ಮರುದಿನ ಮಗುವಿಗೆ ಪರೀಕ್ಷೆಯಿದ್ದುದರಿಂದ ಅತ್ತಿಗೆ ಅವಳ ಕೋಣೆಯಲ್ಲೇ ಮಲಗಿದರು. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು ಬಂದಾಗ ಅಣ್ಣ ಮೆಟ್ಟಿಲ ಮೇಲೆ ಕುಳಿತಿದ್ದ. ಕಣ್ಣೆತ್ತಿ ನೋಡದೆ, "ವೈದ್ಯರು ಇವತ್ತು ಎಷ್ಟು ಹೊತ್ತಿಗೆ ಸಿಗುತ್ತಾರೆ?" ಎಂದ. ಹನ್ನೊಂದಕ್ಕೆ ಎಂದೆ. ಅವನ ಜೊತೆ ಅತ್ತಿಗೆ ಹೋದರು. ಅಂದು ನನ್ನ ಸಭೆಯ ದಿನವಾಗಿತ್ತು, ನಾನು ಅಲ್ಲಿಗೆ ಹೋದೆ.